ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ: ಸಿಇಟಿ ಆಪ್ಷನ್ ಪಟ್ಟಿಯನ್ನು ಸಾಲು ಮಾಡುವ ಲೆಕ್ಕ

ಸಿಇಟಿ ರ‍್ಯಾಂಕ್ ಬಂದ ಮೇಲೆ ಮನೆಯವರಿಗೆಲ್ಲ ಇನ್ನೊಂದು ಪರೀಕ್ಷೆ ಶುರುವಾಗುತ್ತದೆ. ಅದೇ ಆಪ್ಷನ್ ಎಂಟ್ರಿ. ಯಾವ ಕಾಲೇಜಿನ ಯಾವ ಕೋರ್ಸ್ ಮೊದಲು ಬೇಕು, ಯಾವುದು ಆಮೇಲೆ ಎಂದು ಸಾಲಾಗಿ ದಾಖಲಿಸುವ ಕೆಲಸ ಅದು.

ಬೆಂಗಳೂರಿನ ಮಾವಳ್ಳಿಯವರಿಗೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ 1946ರ ಬಿಎಂಎಸ್ ಕಾಲೇಜಿದೆ. ಕೆ.ಆರ್. ರಸ್ತೆಯಲ್ಲಿ 1979ರ ಬಿಐಟಿ ಇದೆ. ಕೆ.ಆರ್. ವೃತ್ತಕ್ಕೆ ಹೋದರೆ 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಯುವಿಸಿಇ. ಮೈಸೂರು ರಸ್ತೆ, ಕುಮಾರಸ್ವಾಮಿ ಬಡಾವಣೆ, ಮತ್ತಿಕೆರೆ ಕಡೆಯವು ಬೇರೆ.

ಇವುಗಳಲ್ಲಿ ಯಾವುದು ಮೊದಲು? ಶುಲ್ಕ ಗೊತ್ತಾಗುತ್ತದೆ, ದೂರವೂ ಗೊತ್ತಾಗುತ್ತದೆ. ಪಾಠ ಹೇಗೆ ನಡೆಯುತ್ತದೆ, ಲ್ಯಾಬ್ ಹೇಗಿದೆ ಎಂಬುದು ಅರ್ಧಂಬರ್ಧ ಗೊತ್ತು. ನಾಲ್ಕು ವರ್ಷದ ನಂತರ ಕೆಲಸದ ಮಾರುಕಟ್ಟೆ ಹೇಗಿರುತ್ತದೆಂದು ಯಾರಿಗೂ ಗೊತ್ತಿಲ್ಲ. ಇದರ ಮೇಲೆ, ಯಾವುದು ಹೆಚ್ಚು ಮುಖ್ಯ ಎಂಬುದರಲ್ಲೇ ಅಪ್ಪ ಒಂದು ಹೇಳುತ್ತಾರೆ, ಮಗಳು ಇನ್ನೊಂದು ಹೇಳುತ್ತಾಳೆ.

ಎಲ್ಲ ಮಾಹಿತಿ ಸಿಕ್ಕ ಮೇಲೆ ಪಟ್ಟಿ ಮಾಡೋಣ ಎಂದು ಕಾದರೆ ಕೊನೆಯ ದಿನಾಂಕ ಮುಗಿದುಹೋಗುತ್ತದೆ. ಕಾಯಬೇಕಾಗಿಯೂ ಇಲ್ಲ. ಗೊತ್ತಿರುವಷ್ಟರಲ್ಲೇ ಪಟ್ಟಿಯ ಬಹುಪಾಲು ಇತ್ಯರ್ಥವಾಗುತ್ತದೆ. ಉಳಿದದ್ದಕ್ಕೆ ಯಾವ ಒಂದು ವಿಷಯ ವಿಚಾರಿಸಬೇಕು ಎಂಬುದನ್ನೂ ಲೆಕ್ಕವೇ ಹೇಳುತ್ತದೆ. ಅದಕ್ಕೆ ಬೇಕಾಗುವುದು ಕೂಡಿಸುವ, ಗುಣಿಸುವ ಲೆಕ್ಕ ಮಾತ್ರ.

ಏನಿದು ಲೆಕ್ಕ?

ಇದಕ್ಕೆ ‘ಮಲ್ಟಿಪಲ್ ಕ್ರೈಟೀರಿಯಾ ಡಿಸಿಷನ್ ಮೇಕಿಂಗ್’ ಎನ್ನುತ್ತಾರೆ. ಹಲವು ಮಾನದಂಡ ಇಟ್ಟುಕೊಂಡು ಒಂದು ತೀರ್ಮಾನಕ್ಕೆ ಬರುವುದು ಎಂದರ್ಥ. ಇದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಪರ್ಯಾಯಗಳು, ಅಂದರೆ ನಿಮ್ಮ ಆಪ್ಷನ್‌ಗಳು. ಎರಡನೆಯದು ಪ್ರತಿ ಮಾನದಂಡದಲ್ಲಿ ಪ್ರತಿ ಆಪ್ಷನ್‌ಗೆ ನೀವು ಕೊಡುವ ಅಂಕ. ಮೂರನೆಯದು ತೂಕ, ಅಂದರೆ ಆ ಮಾನದಂಡ ನಿಮಗೆಷ್ಟು ಮುಖ್ಯ ಎಂಬ ಸಂಖ್ಯೆ. ಅಂಕವನ್ನು ತೂಕದಿಂದ ಗುಣಿಸಿ, ಎಲ್ಲ ಕೂಡಿಸಿದರೆ ಒಟ್ಟು ಬರುತ್ತದೆ.

ಹೀಗೆ ತೂಗಿ ನೋಡುವ ರೂಢಿ ಹಳೆಯದು. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಗೆಳೆಯ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಕಾಗದದಲ್ಲಿ ಇಂಥದ್ದೇ ಒಂದು ವಿಧಾನ ವಿವರಿಸಿದ್ದ. ಹಾಳೆಯ ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಬರೆದು, ಸಮತೂಕದವುಗಳನ್ನು ಎರಡೂ ಕಡೆ ಹೊಡೆದುಹಾಕುತ್ತಾ ಹೋಗುವುದು. ನಮ್ಮ ದೇಶದ ಎನ್‌ಐಆರ್‌ಎಫ್ ಶ್ರೇಯಾಂಕವೂ ಇದೇ ಜಾತಿಯದು. ಅದರ ಎಂಜಿನಿಯರಿಂಗ್ ಪಟ್ಟಿಯಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಎಲ್ಲರನ್ನೂ ಒಳಗೊಳ್ಳುವಿಕೆಗೆ 10, ಸಂಸ್ಥೆಯ ಬಗೆಗಿನ ಅಭಿಪ್ರಾಯಕ್ಕೆ 10 ತೂಕ.

ಇಲ್ಲಿ ಒಂದು ಎಚ್ಚರ. ಆ ತೂಕಗಳು ಎನ್‌ಐಆರ್‌ಎಫ್‌ನವು, ನಿಮ್ಮವಲ್ಲ. ಮನೆಯಿಂದ ಓಡಾಡಿಕೊಂಡು ಬಿಇ ಮುಗಿಸಬೇಕಾದ ಹುಡುಗಿಗೆ ಪ್ರಾಧ್ಯಾಪಕರ ಸಂಶೋಧನಾ ಪ್ರಬಂಧಗಳು 30 ಅಂಕದಷ್ಟು ಮುಖ್ಯವೇ? ಅವಳ ಬಸ್ ಪ್ರಯಾಣಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಅದಕ್ಕೇ ಯಾರೋ ಮಾಡಿಟ್ಟ ಪಟ್ಟಿಯನ್ನು ಹಾಗೇ ಇಳಿಸಿಕೊಳ್ಳಬಾರದು.

ಕಟ್ ಆಫ್ ನೋಡಿ ಸಾಲು ಮಾಡಬೇಕೇ?

ಬೇಡ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸೀಟು ಹಂಚಿಕೆ ನಡೆಯುವ ಬಗೆಯನ್ನು ಮೊದಲು ತಿಳಿದುಕೊಳ್ಳೋಣ.

ಹಂಚಿಕೆ ನಡೆಸುವುದು ಮಲ್ಲೇಶ್ವರದ ಸಂಪಿಗೆ ರಸ್ತೆ, 18ನೇ ಅಡ್ಡರಸ್ತೆಯಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ನಿಮಗೆ ಅರ್ಹತೆಯಿರುವ ವರ್ಗದಲ್ಲಿ ಸೀಟು ಉಳಿದಿರುವ ಮೊದಲ ಆಪ್ಷನ್ ಕೊಡುತ್ತದೆ.

ಇದು ಎಂಟಿಆರ್ ಹೋಟೆಲಿನಲ್ಲಿ ಹೆಸರು ಬರೆಸಿ ಕಾಯುವ ಹಾಗೆ. ಸರದಿ ನಿಂತಿರುವುದು ನಿಮ್ಮ ಕ್ರಮಸಂಖ್ಯೆಯ ಮೇಲೆ. ಕಿಟಕಿ ಪಕ್ಕದ ಮೇಜು ಖಾಲಿ ಇದ್ದರೆ ಅದೇ ಕೊಡಿ ಎಂದು ಕೇಳಿದ ಮಾತ್ರಕ್ಕೆ ಯಾರೂ ನಿಮ್ಮನ್ನು ಹಿಂದಕ್ಕೆ ತಳ್ಳುವುದಿಲ್ಲ. ಅದು ಖಾಲಿಯಿಲ್ಲದಿದ್ದರೆ ಮುಂದಿನ ಮೇಜು, ಅಷ್ಟೇ.

ಹೀಗಾಗಿ ಸಿಗುವುದು ಕಷ್ಟ ಎನಿಸುವ ಕಾಲೇಜನ್ನು ಮೇಲೆ ಬರೆದರೆ ನಷ್ಟವಿಲ್ಲ. ಖಂಡಿತ ಸಿಗುತ್ತದೆ ಎಂದು ಇಷ್ಟವಿಲ್ಲದ್ದನ್ನು ಮೇಲೆ ಬರೆದರೆ ಮಾತ್ರ ನಷ್ಟ. ಅದು ಸಿಕ್ಕಿಬಿಟ್ಟರೆ ಕೆಳಗಿರುವ ಇಷ್ಟದ ಕಾಲೇಜಿನವರೆಗೆ ಕಂಪ್ಯೂಟರ್ ಹೋಗುವುದೇ ಇಲ್ಲ. ಸಾಲು ಯಾವಾಗಲೂ ಇಷ್ಟದ ಪ್ರಕಾರ ಇರಲಿ. ಹಿಂದಿನ ವರ್ಷದ ಕಟ್ ಆಫ್ ರ‍್ಯಾಂಕನ್ನು ಬೇರೆ ಕೆಲಸಕ್ಕೆ ಬಳಸಿ: ಪಟ್ಟಿ ಎಷ್ಟು ಉದ್ದ ಇರಬೇಕು, ಕೆಳಭಾಗದಲ್ಲಿ ಖಚಿತವಾಗಿ ಸಿಗುವಂಥವು ಸಾಕಷ್ಟಿವೆಯೇ ಎಂದು ನೋಡಿಕೊಳ್ಳಲು.

ಮೊದಲ ಹೆಜ್ಜೆ: ಆಗದ್ದನ್ನು ತೆಗೆಯಿರಿ

ಪ್ರತಿ ಆಪ್ಷನ್ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ. ಈ ಸೀಟೊಂದೇ ಸಿಕ್ಕರೆ ನಾವು ಸೇರುತ್ತೇವೆಯೇ? ಇಲ್ಲ ಎಂದಾದರೆ ಅದು ಪಟ್ಟಿಯಲ್ಲೇ ಇರಬಾರದು. ಶುಲ್ಕ ಕೈಗೆ ಮೀರಿದ್ದು, ಹಾಸ್ಟೆಲ್ ಇಲ್ಲದೆ ಆಗದಷ್ಟು ದೂರದ್ದು, ಮಗುವಿಗೆ ಒಗ್ಗದ ಕೋರ್ಸ್, ಇವೆಲ್ಲ ಇಲ್ಲೇ ಹೋಗಲಿ. ಇವಕ್ಕೆ ಅಂಕ ಕೊಡುವ ಶ್ರಮ ಬೇಡ.

ಎರಡನೇ ಹೆಜ್ಜೆ: ನಾಲ್ಕು ಮಾನದಂಡ ಸಾಕು

ಹತ್ತು ಹನ್ನೆರಡು ಮಾನದಂಡ ಬರೆದರೆ ಒಂದೇ ವಿಷಯವನ್ನು ಎರಡು ಸಲ ಎಣಿಸುವ ಅಪಾಯವಿದೆ. ‘ಹೆಸರು’ ಮತ್ತು ‘ಪ್ಲೇಸ್‌ಮೆಂಟ್’ ಎಂದು ಬೇರೆ ಬೇರೆ ಬರೆಯುತ್ತೇವೆ, ಹೆಸರು ಬಂದಿರುವುದೇ ಪ್ಲೇಸ್‌ಮೆಂಟಿನಿಂದ ಆಗಿರುತ್ತದೆ. ಉದಾಹರಣೆಗೆ ಇಲ್ಲಿ ನಾಲ್ಕನ್ನು ಇಟ್ಟುಕೊಳ್ಳೋಣ: ಕೋರ್ಸ್ ಮೇಲಿನ ಆಸಕ್ತಿ, ಬೋಧನೆ ಮತ್ತು ಲ್ಯಾಬ್, ಖರ್ಚು, ಓಡಾಟ.

ನಿಮ್ಮ ಪಟ್ಟಿಯಲ್ಲಿರುವ ಆಪ್ಷನ್‌ಗಳ ಪೈಕಿ ಆ ಮಾನದಂಡದಲ್ಲಿ ಅತಿ ಹಿಂದಿರುವುದಕ್ಕೆ 0, ಅತಿ ಮುಂದಿರುವುದಕ್ಕೆ 10 ಅಂಕ. ಉಳಿದವು ನಡುವೆ. ಖರ್ಚು ಕಡಿಮೆ ಇದ್ದಷ್ಟೂ ಅಂಕ ಹೆಚ್ಚು, ಓಡಾಟವೂ ಹಾಗೆಯೇ.

ಗೊತ್ತಿಲ್ಲದ ಕಡೆ ಏನು ಬರೆಯಬೇಕು?

ಸೊನ್ನೆ ಬರೆಯಬೇಡಿ. ಗೊತ್ತಿಲ್ಲ ಎಂದರೆ ಕೆಟ್ಟದು ಎಂದಲ್ಲ. ಎನ್‌ಐಆರ್‌ಎಫ್‌ಗೆ ಅರ್ಜಿಯನ್ನೇ ಹಾಕದ ಕಾಲೇಜು ಆ ಪಟ್ಟಿಯಲ್ಲಿ ಕಾಣುವುದಿಲ್ಲ, ಹಾಗೆಂದು ಅಲ್ಲಿ ಪಾಠ ನಡೆಯುವುದಿಲ್ಲ ಎಂದಾಗುವುದಿಲ್ಲ. ಸುಮ್ಮನೆ 5 ಎಂದು ಬರೆಯುವುದೂ ಸರಿಯಲ್ಲ, ಆಗ ಗೊತ್ತಿಲ್ಲ ಎಂಬ ಸಂಗತಿಯೇ ಮರೆತುಹೋಗುತ್ತದೆ.

ಎರಡು ಸಂಖ್ಯೆ ಬರೆಯಿರಿ. ಕೆಟ್ಟದೆಂದರೂ ಎಷ್ಟು, ಒಳ್ಳೆಯದೆಂದರೂ ಎಷ್ಟು. ‘6ರಿಂದ 9’ ಎಂಬ ಹಾಗೆ. ಇದಕ್ಕೆ ‘ಇಂಟರ್ವಲ್’, ಅಂದರೆ ವ್ಯಾಪ್ತಿ ಎನ್ನುತ್ತಾರೆ.

ಉದ್ದ ಪಟ್ಟಿಯೊಂದರಿಂದ ನಾಲ್ಕು ಆಪ್ಷನ್ ತೆಗೆದುಕೊಳ್ಳೋಣ. ಇವು ವಿವರಣೆಗಾಗಿ ಮಾಡಿಕೊಂಡ ಅಂಕಗಳು, ಯಾವ ನಿಜವಾದ ಕಾಲೇಜಿನವೂ ಅಲ್ಲ. ಕ್ರಮ: ಆಸಕ್ತಿ, ಬೋಧನೆ, ಖರ್ಚು, ಓಡಾಟ.

ಕ: 9, 6, 5, 4
ಖ: 7, 7, 5, 3
ಗ: 6, 6ರಿಂದ 9, 9, 9
ಘ: 6, 5, 7, 4

ಮೂರನೇ ಹೆಜ್ಜೆ: ತೂಕವೇ ಇಲ್ಲದೆ ಹೋಲಿಸಿ

ಗ ಮತ್ತು ಘ ನೋಡಿ. ಗ ಕಾಲೇಜಿನ ಬೋಧನೆ ಅತಿ ಕಡಿಮೆ, ಅಂದರೆ 6 ಎಂದೇ ಇಟ್ಟುಕೊಳ್ಳಿ. ಆಗಲೂ ಅದು ಯಾವ ಅಂಕಣದಲ್ಲೂ ಘ ಗಿಂತ ಕೆಳಗಿಲ್ಲ. ಮನೆಯಲ್ಲಿ ಯಾರು ಯಾವ ಮಾನದಂಡ ದೊಡ್ಡದೆಂದರೂ ಗ ಮೇಲೆ, ಘ ಕೆಳಗೆ. ಇದಕ್ಕೆ ‘ಡಾಮಿನೆನ್ಸ್’ ಎಂದು ಹೆಸರು, ಎಲ್ಲ ರೀತಿಯಲ್ಲೂ ಮೇಲುಗೈ ಎಂದರ್ಥ. ಬೋಧನೆಯ ಮಾಹಿತಿ ಅರ್ಧವೇ ಇದ್ದರೂ ಈ ಜೋಡಿಯ ತೀರ್ಮಾನ ಮುಗಿಯಿತು.

ಹಾಗಾದರೆ ಘ ತೆಗೆದುಹಾಕಬಹುದೇ? ಬೇಡ. ಒಂದೇ ಒಂದನ್ನು ಆರಿಸುವ ಕೆಲಸವಾಗಿದ್ದರೆ ತೆಗೆಯಬಹುದಿತ್ತು. ಆಪ್ಷನ್ ಪಟ್ಟಿಯಲ್ಲಿ ಮೇಲಿನವು ಸಿಗದೆಯೂ ಹೋಗಬಹುದು. ಘ ತನ್ನ ಜಾಗದಲ್ಲಿ, ಗ ಕೆಳಗೆ, ಇರಲಿ.

ನಾಲ್ಕನೇ ಹೆಜ್ಜೆ: ಯಾವುದು ಮುಖ್ಯ ಎಂಬ ಕ್ರಮ ಮಾತ್ರ ಹೇಳಿ

ಆಸಕ್ತಿಗೆ ಶೇಕಡ ಎಷ್ಟು ತೂಕ ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು. ಮೊದಲು ಯಾವುದು, ಆಮೇಲೆ ಯಾವುದು ಎಂದರೆ ಹೇಳುತ್ತಾರೆ. ಕೇಳುವ ಸರಿಯಾದ ರೀತಿ ಹೀಗೆ: ನಾಲ್ಕು ಅಂಕಣದಲ್ಲೂ 0 ಇರುವ ಒಂದು ಕಾಲೇಜು ಇದೆ ಎಂದುಕೊಳ್ಳಿ. ಒಂದೇ ಅಂಕಣವನ್ನು 10ಕ್ಕೆ ಏರಿಸುವ ಅವಕಾಶ ಸಿಕ್ಕರೆ ಯಾವುದನ್ನು ಏರಿಸುತ್ತೀರಿ? ಅದು ಮೊದಲನೆಯದು. ಇನ್ನೊಂದು ಅವಕಾಶ ಸಿಕ್ಕರೆ? ಅದು ಎರಡನೆಯದು.

ಹೀಗೆ ಕೇಳುವುದಕ್ಕೆ ಕಾರಣವಿದೆ. ‘ದುಡ್ಡೇ ಮುಖ್ಯ’ ಎಂದು ಎಲ್ಲರೂ ಹೇಳುತ್ತೇವೆ. ಆದರೆ ಸರ್ಕಾರಿ ಕೋಟಾ ಸೀಟಿನ ಶುಲ್ಕವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಹಾಗಾಗಿ ನಿಮ್ಮ ಪಟ್ಟಿಯ ಖಾಸಗಿ ಕಾಲೇಜುಗಳ ನಡುವೆ ಶುಲ್ಕದ ಅಂತರ ಚಿಕ್ಕದೇ ಇರಬಹುದು. ಅಂತರ ಚಿಕ್ಕದಾದರೆ, ದುಡ್ಡು ಎಷ್ಟೇ ಮುಖ್ಯವಾದರೂ, ಆ ಮಾನದಂಡದ ತೂಕವೂ ಚಿಕ್ಕದು.

ನಮ್ಮ ಕ್ರಮ ಆಸಕ್ತಿ, ಬೋಧನೆ, ಖರ್ಚು, ಓಡಾಟ ಎಂದಿರಲಿ. ಈಗ ಅಂಕಗಳನ್ನು ಅದೇ ಕ್ರಮದಲ್ಲಿ ಕೂಡಿಸುತ್ತಾ ಹೋಗಿ. ಕ: 9, 15, 20, 24. ಖ: 7, 14, 19, 22. ನಾಲ್ಕೂ ಹಂತದಲ್ಲಿ ಕ ಮುಂದಿದೆ. ಹಾಗಿದ್ದರೆ ಈ ಕ್ರಮಕ್ಕೆ ಒಪ್ಪುವ ಯಾವ ತೂಕ ಹಾಕಿದರೂ ಕ ಮುಂದೆಯೇ ಇರುತ್ತದೆ. ಬೋಧನೆಯಲ್ಲಿ ಖ ಒಂದು ಅಂಕ ಮುಂದಿದ್ದರೂ ಇದು ಬದಲಾಗುವುದಿಲ್ಲ. ಘ ಕೂಡಿಸಿದರೆ 6, 11, 18, 22. ಖ ಯಾವ ಹಂತದಲ್ಲೂ ಅದಕ್ಕಿಂತ ಹಿಂದಿಲ್ಲ. ಹೀಗಾಗಿ ಘ ಕಡೆಯದು ಎಂದು ನಿಶ್ಚಯವಾಯಿತು. ಒಂದೇ ಒಂದು ತೂಕದ ಸಂಖ್ಯೆಯನ್ನೂ ನಾವಿನ್ನೂ ಬರೆದಿಲ್ಲ ಎಂಬುದನ್ನು ಗಮನಿಸಿ.

ಕ ಮತ್ತು ಗ ಜೋಡಿ ಮಾತ್ರ ಹೀಗೆ ಬಗೆಹರಿಯುವುದಿಲ್ಲ. ಮೊದಲ ಹಂತದಲ್ಲಿ 9ಕ್ಕೆ 6, ಕ ಮುಂದೆ. ಕೊನೆಯ ಹಂತದಲ್ಲಿ ಕ 24, ಗ ಕನಿಷ್ಠ 30. ಖ ಮತ್ತು ಗ ಜೋಡಿಯೂ ಹಾಗೆಯೇ. ಇವಕ್ಕೆ ತೂಕ ಬೇಕು.

ಐದನೇ ಹೆಜ್ಜೆ: ಕ್ರಮದಿಂದ ತೂಕ ತೆಗೆಯುವುದು

ಇದಕ್ಕೊಂದು ಸುಲಭ ವಿಧಾನವಿದೆ. ‘ರ‍್ಯಾಂಕ್ ಆರ್ಡರ್ ಸೆಂಟ್ರಾಯ್ಡ್’ ಎಂದು ಹೆಸರು. ಕ್ರಮಕ್ಕೆ ಒಪ್ಪುವ ಎಲ್ಲ ತೂಕಗಳ ನಟ್ಟನಡುವಿನ ಬಿಂದು ಎಂದರ್ಥ. ವಾರ್ಡ್ ಎಡ್ವರ್ಡ್ಸ್ ಮತ್ತು ಹಟನ್ ಬ್ಯಾರನ್ 1994ರಲ್ಲಿ ತಮ್ಮ ‘ಸ್ಮಾರ್ಟರ್’ ವಿಧಾನದಲ್ಲಿ ಇದನ್ನು ಬಳಸಿದರು.

ನೂರನ್ನು ನಾಲ್ಕು ಪಾಲು ಮಾಡಿ, ಪಾಲಿಗೆ 25. ಮೊದಲ ಪಾಲು ಪೂರ್ತಿ ಮೊದಲ ಮಾನದಂಡಕ್ಕೆ. ಎರಡನೇ ಪಾಲನ್ನು ಮೊದಲ ಎರಡಕ್ಕೆ ಸಮನಾಗಿ ಹಂಚಿ. ಮೂರನೆಯದನ್ನು ಮೊದಲ ಮೂರಕ್ಕೆ, ನಾಲ್ಕನೆಯದನ್ನು ನಾಲ್ಕಕ್ಕೂ ಹಂಚಿ. ಕೂಡಿಸಿದರೆ ಸುಮಾರು 52, 27, 15, 6 ಬರುತ್ತದೆ. ಮೂರೇ ಮಾನದಂಡ ಇದ್ದರೆ 61, 28, 11.

ಈಗ ಗುಣಿಸೋಣ. ಕ: 9ನ್ನು 0.52ರಿಂದ, 6ನ್ನು 0.27ರಿಂದ, 5ನ್ನು 0.15ರಿಂದ, 4ನ್ನು 0.06ರಿಂದ ಗುಣಿಸಿ ಕೂಡಿಸಿದರೆ 7.29. ಖ 6.46. ಘ 5.76. ಗ ಗೆ ಎರಡು ಉತ್ತರ: ಬೋಧನೆ 6 ಆದರೆ 6.63, 9 ಆದರೆ 7.44.

ಗ ತನ್ನ ಕನಿಷ್ಠ ಅಂಕದಲ್ಲೂ ಖ ಗಿಂತ ಮೇಲಿದೆ. ಹಾಗಾಗಿ ಖ ಮೂರನೆಯದು, ಘ ನಾಲ್ಕನೆಯದು. ಮೇಲಿನ ಎರಡು ಜಾಗ ಕ ಮತ್ತು ಗ ನಡುವೆ ಉಳಿಯಿತು.

ಆರನೇ ಹೆಜ್ಜೆ: ಏನನ್ನು ವಿಚಾರಿಸಬೇಕು?

ಈಗ ಉಳಿದಿರುವುದು ಒಂದೇ ಪ್ರಶ್ನೆ, ಗ ಕಾಲೇಜಿನ ಬೋಧನೆ 6ರ ಕಡೆಯದೋ 9ರ ಕಡೆಯದೋ? ಲೆಕ್ಕ ಹಾಕಿದರೆ 8 ಬಂದರೂ ಗ 7.17, ಕ ಮುಂದೆ. 9 ಆದರೆ ಮಾತ್ರ ಗ ಮುಂದೆ. ಅಂದರೆ ಆ ಕಾಲೇಜಿನ ಪಾಠ ‘ಪರವಾಗಿಲ್ಲ’ ಎಂದರೆ ಸಾಲದು, ‘ಬಹಳ ಚೆನ್ನಾಗಿದೆ’ ಎಂಬ ಭರವಸೆ ಬೇಕು. ಖ ಕಾಲೇಜಿನ ಬಗ್ಗೆ ಇನ್ನಷ್ಟು ವಿಚಾರಿಸಲು ಊರು ಸುತ್ತಬೇಕಾಗಿಲ್ಲ, ಇರುವ ಒಂದೆರಡು ದಿನವನ್ನು ಗ ಕಾಲೇಜಿಗೆ ಕೊಡಿ.

ವಿಚಾರಿಸುವುದು ಹೇಗೆ? ಕಾಲೇಜಿನ ಗೇಟಿನ ಹತ್ತಿರ ಅದೇ ಶಾಖೆಯ ಎರಡನೇ, ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ‘ಕಾಲೇಜು ಹೇಗಿದೆ’ ಎಂದು ಕೇಳಬೇಡಿ. ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ಲ್ಯಾಬ್ ನಿಜವಾಗಿ ನಡೆದವು, ಪಾಠ ಮಾಡುವವರು ನಡುವೆ ಬದಲಾದರೇ ಎಂದು ಕೇಳಿ. ಆ ಶಾಖೆಗೆ ಎನ್‌ಬಿಎ ಮಾನ್ಯತೆ ಇದೆಯೇ ನೋಡಿ. ನ್ಯಾಕ್ ಇಡೀ ಸಂಸ್ಥೆಯನ್ನು ಅಳೆಯುತ್ತದೆ, ಎನ್‌ಬಿಎ ಒಂದೊಂದು ಕೋರ್ಸನ್ನು ಬೇರೆಯಾಗಿ ಅಳೆಯುತ್ತದೆ. ನಿಮಗೆ ಬೇಕಿರುವುದು ಎರಡನೆಯದು.

ಮನೆಯಲ್ಲಿ ಒಮ್ಮತ ಬಾರದಿದ್ದರೆ?

ಇಬ್ಬರ ಕ್ರಮದಲ್ಲೂ ಲೆಕ್ಕ ಹಾಕಿ ನೋಡಿ. ಮಗಳು ಆಸಕ್ತಿ ಮೊದಲು ಎನ್ನುತ್ತಾಳೆ, ಅದನ್ನು ಈಗಾಗಲೇ ನೋಡಿದೆವು. ಅಪ್ಪ ಬೋಧನೆ ಮೊದಲು, ಆಸಕ್ತಿ ಎರಡನೆಯದು ಎಂದರೆ ಕ 6.54, ಖ 6.46, ಘ 5.51. ಗ ಕನಿಷ್ಠ 6.63, ಗರಿಷ್ಠ 8.19. ಅಪ್ಪನ ಲೆಕ್ಕದಲ್ಲಿ ಗ ಯಾವ ಸ್ಥಿತಿಯಲ್ಲೂ ಮೊದಲನೆಯದು. ಇಬ್ಬರ ಪಟ್ಟಿಯಲ್ಲೂ ಮೂರು ಮತ್ತು ನಾಲ್ಕನೇ ಜಾಗ ಒಂದೇ. ಜಗಳವಿರುವುದು ಮೇಲಿನ ಎರಡು ಜಾಗಕ್ಕೆ ಮಾತ್ರ ಎಂದು ಗೊತ್ತಾದರೆ ಮಾತುಕತೆ ಬೇಗ ಮುಗಿಯುತ್ತದೆ. ಓದಬೇಕಾದವಳು ಮಗಳು, ಆದ್ದರಿಂದ ಅವಳ ಕ್ರಮಕ್ಕೆ ಹೆಚ್ಚು ಬೆಲೆ ಕೊಡುವುದು ನ್ಯಾಯ.

ಒಂದು ಮಾತು ನೆನಪಿರಲಿ. 6.54 ಮತ್ತು 6.46 ನಡುವಿನಂಥ ಸಣ್ಣ ಅಂತರವನ್ನು ಗೆಲುವು ಎಂದುಕೊಳ್ಳಬೇಡಿ. ನೀವು ಕೊಟ್ಟ ಅಂಕಗಳೇ ಅಂದಾಜು. ಅಷ್ಟು ಹತ್ತಿರ ಬಂದವುಗಳಲ್ಲಿ ಯಾವುದು ಮೇಲಿದ್ದರೂ ದೊಡ್ಡ ವ್ಯತ್ಯಾಸವಿಲ್ಲ.

ಖರ್ಚೆಷ್ಟು? ಮಾಹಿತಿ ಎಲ್ಲಿ ಸಿಗುತ್ತದೆ?

ಈ ಲೆಕ್ಕಕ್ಕೆ ಕಾಗದ, ಪೆನ್ನು ಸಾಕು. ಕಂಪ್ಯೂಟರಿನಲ್ಲಿ ಮಾಡುವುದಾದರೆ ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಎರಡೂ ಉಚಿತ. ‘ಸಮ್‌ಪ್ರಾಡಕ್ಟ್’ ಎಂಬ ಸೂತ್ರ ಹಾಕಿದರೆ ಗುಣಿಸಿ ಕೂಡಿಸುವ ಕೆಲಸ ಅದೇ ಮಾಡುತ್ತದೆ. ದುಡ್ಡು ತೆಗೆದುಕೊಂಡು ಪಟ್ಟಿ ಮಾಡಿಕೊಡುವ ಸಲಹೆಗಾರರ ಬಳಿ ಹೋಗುವುದಿದ್ದರೆ ಮೊದಲು ಕೇಳಿ: ನೀವು ಯಾವ ಮಾನದಂಡಕ್ಕೆ ಎಷ್ಟು ತೂಕ ಕೊಟ್ಟಿದ್ದೀರಿ? ಉತ್ತರ ಬಾರದಿದ್ದರೆ ವಾಪಸ್ ಬನ್ನಿ.

ಕಾಲೇಜು, ಶಾಖೆ, ವರ್ಗವಾರು ಹಿಂದಿನ ವರ್ಷಗಳ ಕಟ್ ಆಫ್ ಕೆಇಎ ಜಾಲತಾಣದಲ್ಲಿದೆ. ಆ ವರ್ಷದ ಸೀಟುಗಳ ವಿವರ ಮತ್ತು ಶುಲ್ಕವನ್ನೂ ಅಲ್ಲೇ ನೋಡಿ. ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಶ್ರೇಯಾಂಕ ಪಡೆದ ಕಾಲೇಜುಗಳು ಸಲ್ಲಿಸಿದ ಅಂಕಿ ಅಂಶ ಎನ್‌ಐಆರ್‌ಎಫ್ ಜಾಲತಾಣದಲ್ಲಿ ಸಿಗುತ್ತದೆ. ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ಅವರ ‘ಮೀಡಿಯನ್’ ಸಂಬಳ ಎಷ್ಟು ಎಂಬುದೂ ಅದರಲ್ಲಿದೆ. ಮೀಡಿಯನ್ ಎಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಮಧ್ಯದಲ್ಲಿರುವವರ ಸಂಬಳ. ಜಾಹೀರಾತಿನಲ್ಲಿ ಮಿಂಚುವ ‘ಅತಿ ಹೆಚ್ಚು ಪ್ಯಾಕೇಜ್’ ಒಬ್ಬರದು, ಮೀಡಿಯನ್ ನಿಮ್ಮ ಮಗುವಿಗೆ ಹೆಚ್ಚು ಹತ್ತಿರದ್ದು.

ಓಡಾಟದ ಅಂಕವನ್ನು ನಕ್ಷೆ ನೋಡಿ ಕೊಡಬೇಡಿ. ಬೆಳಿಗ್ಗೆ ಎಂಟರ ಹೊತ್ತಿಗೆ ಒಮ್ಮೆ ಹೋಗಿಬನ್ನಿ. ಮಾವಳ್ಳಿಗೆ ಹಸಿರು ಮಾರ್ಗದ ಲಾಲ್‌ಬಾಗ್ ಮತ್ತು ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣಗಳು ಹತ್ತಿರ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಮೈಸೂರು ರಸ್ತೆ ಕಡೆಗೂ ಹೋಗಬಹುದು. ದೂರದ್ದೆನಿಸಿದ ಕಾಲೇಜು ಮೆಟ್ರೊದಿಂದ ಹತ್ತಿರವಾಗಬಹುದು, ಹತ್ತಿರದ್ದೆನಿಸಿದ್ದು ಎರಡು ಬಸ್ ಬದಲಾವಣೆಯಿಂದ ದೂರವಾಗಬಹುದು.

ಪಟ್ಟಿ ದಾಖಲಿಸಿದ ಮೇಲೆ

ಕೆಇಎ ಮೊದಲು ಅಣಕು ಸೀಟು ಹಂಚಿಕೆಯ ಫಲಿತಾಂಶ ಪ್ರಕಟಿಸುತ್ತದೆ. ಅದು ತಾಲೀಮು ಮಾತ್ರ, ಆ ಸೀಟು ನಿಮಗೆ ಸಿಕ್ಕಿತು ಎಂದಲ್ಲ. ಅದನ್ನು ನೋಡಿ ಗಾಬರಿಯಿಂದ ಇಷ್ಟದ ಕಾಲೇಜನ್ನು ಕೆಳಗಿಳಿಸಬೇಡಿ. ಏನೂ ಸಿಗದಿದ್ದರೆ ಪಟ್ಟಿಯ ಕೆಳಗೆ ಇನ್ನಷ್ಟು ಆಪ್ಷನ್ ಸೇರಿಸಿ. ಸಿಕ್ಕಿದ್ದು ನೋಡಿ ‘ಅಯ್ಯೋ ಇದಾ’ ಎನಿಸಿದರೆ ನಿಮ್ಮ ಸಾಲಿನಲ್ಲೇ ತಪ್ಪಿದೆ, ಅಂಕಗಳನ್ನು ಮತ್ತೆ ನೋಡಿ.

ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೆ ‘ಚಾಯ್ಸ್’ ಕೇಳುತ್ತಾರೆ. ಚಾಯ್ಸ್ 1 ಎಂದರೆ ಒಪ್ಪಿದೆ, ಸೇರುತ್ತೇನೆ. ಚಾಯ್ಸ್ 2 ಎಂದರೆ ಇದು ಇರಲಿ, ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಪ್ರಯತ್ನಿಸುತ್ತೇನೆ. ಚಾಯ್ಸ್ 3 ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 4 ಎಂದರೆ ಹೊರಗೆ ಹೋಗುತ್ತೇನೆ. ಚಾಯ್ಸ್ 2 ಹಾಕಿದವರಿಗೆ ಮೇಲಿನ ಆಪ್ಷನ್ ಸಿಕ್ಕರೆ ಮೊದಲು ಸಿಕ್ಕಿದ್ದು ತಾನಾಗಿ ಹೋಗಿಬಿಡುತ್ತದೆ. ಹಾಗಾಗಿ ಚಾಯ್ಸ್ 2 ಒತ್ತುವ ಮುನ್ನ, ಸಿಕ್ಕ ಸೀಟಿಗಿಂತ ಮೇಲಿರುವ ಒಂದೊಂದೂ ಅದಕ್ಕಿಂತ ನಿಜವಾಗಿ ಹೆಚ್ಚು ಇಷ್ಟವೇ ಎಂದು ಇನ್ನೊಮ್ಮೆ ನೋಡಿ. ಶುಲ್ಕ ಯಾವಾಗ ಕಟ್ಟಬೇಕು, ಯಾವ ಸುತ್ತಿನಲ್ಲಿ ಏನು ಬದಲಾಯಿಸಬಹುದು ಎಂಬ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಕೆಇಎ ಸೂಚನೆಯನ್ನು ನೀವೇ ಓದಿ, ಕಳೆದ ವರ್ಷ ಸೀಟು ಪಡೆದವರ ಮಾತನ್ನು ಮಾತ್ರ ನಂಬಬೇಡಿ.

ಕೊನೆಯ ದಿನ ಎಲ್ಲರೂ ಒಟ್ಟಿಗೆ ಜಾಲತಾಣಕ್ಕೆ ನುಗ್ಗುತ್ತಾರೆ. ಒಂದೆರಡು ದಿನ ಮೊದಲೇ ಪಟ್ಟಿ ದಾಖಲಿಸಿ, ಒಂದು ಪ್ರಿಂಟ್ ತೆಗೆದಿಡಿ. ನಿಮ್ಮ ಲೆಕ್ಕದ ಹಾಳೆಯ ಪಕ್ಕದಲ್ಲಿಟ್ಟು ಕಾಲೇಜು ಮತ್ತು ಕೋರ್ಸಿನ ಕೋಡ್‌ಗಳನ್ನು ಸಾಲು ಸಾಲಾಗಿ ತಾಳೆ ನೋಡಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಗುರುತು ಹಾಕಲಿ.